ಕರೆಂಟ್ ಬ್ರಶ್ಶಾ, ಕೈ ಬ್ರಶ್ಶಾ? ದುಡ್ಡು ಬಿಚ್ಚೋಕ್ ಮುಂಚೆ ಹಲ್ಲಿಗೆ ಬಣ್ಣ ಹಚ್ಚಿ ನೋಡಿ

ಎಲೆಕ್ಟ್ರಿಕ್ ಬ್ರಶ್ ತಗೊಳ್ಳೋದಾ ಬೇಡ್ವಾ ಅಂತ ಕೇಳೋರು ಈಗೀಗ ಜಾಸ್ತಿ ಆಗಿದಾರೆ, ಆನ್‌ಲೈನ್ ಸೇಲ್ ಬಂತು ಅಂದ್ರೆ ಸಾಕು ಮನೆ ಗ್ರೂಪಲ್ಲಿ ಯಾರಾದ್ರೂ ಒಬ್ರು ಲಿಂಕ್ ಹಾಕಿ "ಇದು ಚೆನ್ನಾಗಿದ್ಯಾ ನೋಡಿ" ಅಂತಾರೆ. ಮಂಡ್ಯದಲ್ಲಿರೋ ನಮ್ಮ ದೊಡ್ಡಮ್ಮ ಅಂತೂ "ಹಲ್ಲುಜ್ಜಕ್ಕೂ ಕರೆಂಟ್ ಬೇಕೇನ್ಲಾ ಮಗಾ" ಅಂತ ನಗ್ತಾರೆ. ಇಬ್ರಿಗೂ ನಾನು ಹೇಳೋದು ಒಂದೇ, ಈಗ ನಿಮ್ಮ ಕೈಲಿರೋ ಬ್ರಶ್ಶಿಂದ ಪಾಚಿ ಎಲ್ಲಿ ಹೋಗ್ತಿದೆ ಎಲ್ಲಿ ಹೋಗ್ತಿಲ್ಲ ಅಂತ ಮೊದ್ಲು ಕಣ್ಣಾರೆ ನೋಡ್ಕೊಳ್ಳಿ, ಆಮೇಲೆ ಅಂಗಡಿಗೆ ಹೋಗಿ. ಇದನ್ನ ಮನೇಲೇ ಹೇಗೆ ಮಾಡೋದು ಅಂತ ಒಂದೊಂದಾಗಿ ಹೇಳ್ತೀನಿ.

ಮೊದ್ಲು ಪಾಚಿ ಅಂದ್ರೇನು ಅಂತ ಸ್ವಲ್ಪ

ಡಾಕ್ಟ್ರು ಪ್ಲಾಕ್ ಅನ್ನೋದನ್ನೇ ನಾವು ಹಲ್ಲಿನ ಪಾಚಿ ಅನ್ನೋದು. ಅದು ಊಟದ ಚೂರಲ್ಲ, ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟ್ಕೊಂಡು ಹಲ್ಲಿನ ಮೇಲೆ ಕಟ್ಟೋ ಪದರ, ಅದಕ್ಕೇ ಬಾಯಿ ಮುಕ್ಕಳಿಸಿದ್ರೆ ಹೋಗಲ್ಲ, ಉಜ್ಜೇ ತೆಗೀಬೇಕು. ನಾವು ತಿನ್ನೋ ಸಕ್ಕರೆ, ಬೆಲ್ಲ, ಮೈಸೂರ್ ಪಾಕು, ಬಿಸ್ಕತ್ತು ಎಲ್ಲಾನೂ ಈ ಬ್ಯಾಕ್ಟೀರಿಯಾ ತಿಂದು ಆಸಿಡ್ ಬಿಡತ್ತೆ, ಅದರಿಂದ ಹುಳುಕು. ಕಬ್ಬು ಜಗಿದ್ರೆ ಹಲ್ಲು ಕ್ಲೀನ್ ಆಗತ್ತೆ ಅಂತ ನಮ್ ಕಡೆ ಹೇಳ್ತಾರಲ್ಲ, ನಾರು ಹಲ್ಲಿನ ಮೇಲ್ಮೈನ ಒರೆಸ್ಬೋದೇನೋ, ಆದ್ರೆ ಪಾಚಿ ಕೂರೋದು ಒಸಡಿನ ಅಂಚಲ್ಲಿ, ಅಲ್ಲಿಗೆ ನಾರು ಮುಟ್ಟಲ್ಲ, ಮೇಲಿಂದ ಸಕ್ಕರೆ ರಸ ಬೇರೆ.

ಪಾಚಿನ ಹಾಗೇ ಬಿಟ್ರೆ ಒಂದೆರಡು ದಿನದಲ್ಲೇ ಎಂಜಲಿನ ಕ್ಯಾಲ್ಸಿಯಂ ಸೇರ್ಕೊಂಡು ಗಟ್ಟಿ ಆಗೋಕೆ ಶುರುವಾಗತ್ತೆ. ಹಾಗೆ ಗಟ್ಟಿ ಆಗಿದ್ದಕ್ಕೆ ಟಾರ್ಟರ್ ಅಂತಾರೆ, ಅದು ಕಟ್ಟಿದ್ಮೇಲೆ ಯಾವ ಬ್ರಶ್ಶಿಗೂ ಜಗ್ಗಲ್ಲ, ಹತ್ತು ಸಾವಿರದ್ದಾಗ್ಲಿ ಹತ್ತು ರೂಪಾಯಿದಾಗ್ಲಿ. ಡೆನ್ಮಾರ್ಕಲ್ಲಿ 1965ರಲ್ಲಿ ಹರಾಲ್ಡ್ ಲೋ ಅನ್ನೋರು ಒಂದು ಪ್ರಯೋಗ ಮಾಡಿದ್ರು, ಒಸಡು ಚೆನ್ನಾಗಿರೋ ಸ್ಟೂಡೆಂಟ್ಸಿಗೆ ಹಲ್ಲುಜ್ಜೋದು ಬಿಡಿ ಅಂದ್ರು, ಎರಡ್ಮೂರು ವಾರದೊಳಗೆ ಎಲ್ರಿಗೂ ಒಸಡು ಊದ್ಕೊಂಡು ರಕ್ತ ಬರೋಕೆ ಶುರುವಾಯ್ತು, ಮತ್ತೆ ಉಜ್ಜೋಕೆ ಶುರು ಮಾಡಿದ್ಮೇಲೆ ಸುಮಾರು ಒಂದು ವಾರದಲ್ಲಿ ಸರಿ ಹೋಯ್ತು. ಹಾಗಾಗಿ ಉಜ್ಜುವಾಗ ರಕ್ತ ಬಂತು ಅಂತ ಆ ಜಾಗ ಬಿಟ್ಟು ಉಜ್ತೀರಲ್ಲ, ಅದು ಉಲ್ಟಾ ಕೆಲಸ, ಅಲ್ಲೇ ಇನ್ನೂ ನಿಧಾನವಾಗಿ ಉಜ್ಜಬೇಕು.

ಒಂದನೇ ಹೆಜ್ಜೆ: ಬಣ್ಣದ ಟೆಸ್ಟು

ಪಾಚಿ ಹಲ್ಲಿನ ಬಣ್ಣಾನೇ ಇರೋದ್ರಿಂದ ಬರಿಗಣ್ಣಿಗೆ ಕಾಣಲ್ಲ, ಅದೇ ತೊಂದ್ರೆ. ಡೆಂಟಿಸ್ಟ್ ಹತ್ರ ಪ್ಲಾಕ್ ಡಿಸ್‌ಕ್ಲೋಸಿಂಗ್ ಸೊಲ್ಯೂಷನ್ ಅಂತ ಇರತ್ತೆ, ಮಾತ್ರೆ ರೂಪದಲ್ಲೂ ಆನ್‌ಲೈನಲ್ಲಿ ಸಿಗತ್ತೆ. ಮೈಸೂರಲ್ಲಾದ್ರೆ ಡೆಂಟಲ್ ಸಾಮಾನು ಮಾರೋ ಅಂಗಡಿಗಳಲ್ಲಿ ಕೇಳಿ, ಇಲ್ಲಾ ನೀವು ಹೋಗೋ ಕ್ಲಿನಿಕ್ಕಲ್ಲೇ "ಒಂದ್ಸಲ ಬಣ್ಣ ಹಾಕಿ ತೋರ್ಸಿ ಡಾಕ್ಟ್ರೇ" ಅಂತ ಕೇಳಿದ್ರೆ ಹಾಕ್ತಾರೆ. ಎರಡು ಬಣ್ಣದ್ದು ಸಿಕ್ರೆ ಇನ್ನೂ ಒಳ್ಳೇದು, ಹೊಸಾ ಪಾಚಿ ಗುಲಾಬಿ ಆಗತ್ತೆ, ಹಳೇದು ನೀಲಿ ಅಥವಾ ನೇರಳೆ ಆಗತ್ತೆ. ನೀಲಿ ಕಂಡ್ರೆ ಆ ಜಾಗಕ್ಕೆ ನಿಮ್ಮ ಬ್ರಶ್ಶು ಹೋಗಿ ತುಂಬಾ ಹೊತ್ತಾಗಿದೆ ಅಂತ ಅರ್ಥ, ಇವತ್ತು ಬೆಳಿಗ್ಗೆ ಗಡಿಬಿಡೀಲಿ ಬಿಟ್ಟೋಯ್ತು ಅನ್ನೋ ನೆಪ ನಡೆಯಲ್ಲ.

ಮಾಡೋದು ಹೀಗೆ. ರಾತ್ರಿ ಎಲ್ಲಾ ಕೆಲಸ ಮುಗಿದ್ಮೇಲೆ ಮಾಡಿ, ಯಾಕಂದ್ರೆ ನಾಲಿಗೆ ತುಟಿ ಎಲ್ಲಾ ಸ್ವಲ್ಪ ಹೊತ್ತು ಎಲೆ ಅಡಿಕೆ ಹಾಕ್ದೋರ ತರ ಕೆಂಪಾಗಿರತ್ತೆ. ತುಟಿಗೆ ವ್ಯಾಸಲೀನ್ ಹಚ್ಕೊಳ್ಳಿ, ಹಳೇ ಟವೆಲ್ ಹೆಗಲ ಮೇಲೆ ಹಾಕ್ಕೊಳ್ಳಿ. ದಿನಾ ಹೇಗೆ ಉಜ್ತೀರೋ ಹಾಗೇ ಉಜ್ಜಿ, ಇವತ್ತು ಪರೀಕ್ಷೆ ಇದೆ ಅಂತ ವಿಶೇಷವಾಗಿ ಉಜ್ಜೋಕೆ ಹೋಗ್ಬೇಡಿ. ಆಮೇಲೆ ಬಣ್ಣನ ಹತ್ತಿ ಕಡ್ಡೀಲಿ ಹಲ್ಲಿನ ಹೊರಗೆ ಒಳಗೆ ಸವರಿ, ಮಾತ್ರೆ ಆದ್ರೆ ಜಗಿದು ಅರ್ಧ ನಿಮಿಷ ಬಾಯೆಲ್ಲಾ ಆಡಿಸಿ, ಉಗುಳಿ, ಒಂದೇ ಒಂದು ಸಲ ನೀರು ಹಾಕಿ ಮುಕ್ಕಳಿಸಿ. ಮೊಬೈಲ್ ಟಾರ್ಚ್ ಹಾಕ್ಕೊಂಡು ಕನ್ನಡಿ ಮುಂದೆ ನೋಡಿ, ಫೋಟೋ ತಗೊಳ್ಳಿ. ಬಣ್ಣಕ್ಕೆ ಅಲರ್ಜಿ ಇರೋರು ಇದನ್ನ ಮನೇಲಿ ಮಾಡ್ಬೇಡಿ, ಡಾಕ್ಟ್ರನ್ನ ಕೇಳಿ.

ಮಾರ್ಕ್ಸ್ ಹಾಕೋದು ಹೇಗೆ

ಸಂಶೋಧನೆ ಮಾಡೋರು ಸೊನ್ನೆಯಿಂದ ಐದರ ತನಕ ಒಂದು ಲೆಕ್ಕ ಇಟ್ಕೊಂಡಿದಾರೆ, ಕ್ವಿಗ್ಲಿ-ಹೈನ್ ಇಂಡೆಕ್ಸ್ ಅಂತ ಹೆಸರು, ಟುರೆಸ್ಕಿ ಅನ್ನೋರು ಅದನ್ನ ತಿದ್ದಿದ್ದು. ಮನೇಲೂ ಸುಲಭವಾಗಿ ಬಳಸ್ಬೋದು. ಬಣ್ಣಾನೇ ಇಲ್ಲ ಅಂದ್ರೆ 0. ಒಸಡಿನ ಅಂಚಲ್ಲಿ ಅಲ್ಲಲ್ಲಿ ಚುಕ್ಕೆ ಇದ್ರೆ 1. ಅಂಚಿನುದ್ದಕ್ಕೂ ತೆಳ್ಳಗೆ ಒಂದು ಮಿಲಿಮೀಟರ್ ತನಕ ಗೆರೆ ಇದ್ರೆ 2. ಅದಕ್ಕಿಂತ ಅಗಲ, ಆದ್ರೆ ಹಲ್ಲಿನ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಅಂದ್ರೆ 3. ಮೂರನೇ ಒಂದರಿಂದ ಮೂರನೇ ಎರಡು ಭಾಗದ ತನಕ 4, ಅದಕ್ಕೂ ಜಾಸ್ತಿ ಅಂದ್ರೆ 5. ಎಲ್ಲಾ ಹಲ್ಲಿಗೂ ಹಾಕ್ತಾ ಕೂತ್ರೆ ಬೆಳಗಾಗತ್ತೆ, ಆರು ಜಾಗ ಸಾಕು: ಮೇಲಿನ ಎರಡೂ ಕಡೆ ಕೊನೇ ದವಡೆ ಹಲ್ಲಿನ ಕೆನ್ನೆ ಕಡೆ, ಕೆಳಗಿನ ಎರಡೂ ಕಡೆ ದವಡೆ ಹಲ್ಲಿನ ನಾಲಿಗೆ ಕಡೆ, ಕೆಳಗಿನ ಮುಂದಿನ ಹಲ್ಲಿನ ಹಿಂಭಾಗ, ಆಮೇಲೆ ಒಂದು ಕೋರೆ ಹಲ್ಲು. ಮೊಬೈಲ್ ನೋಟ್ಸಲ್ಲಿ ಬರ್ಕೊಳ್ಳಿ.

ಕೆಳಗಿನ ಮುಂದಿನ ಹಲ್ಲಿನ ಹಿಂಭಾಗ ಮತ್ತೆ ಮೇಲಿನ ದವಡೆಯ ಕೆನ್ನೆ ಕಡೆ ಯಾಕೆ ಮುಖ್ಯ ಅಂದ್ರೆ, ಎಂಜಲಿನ ಗ್ರಂಥಿಗಳ ಬಾಯಿ ತೆರೆಯೋದು ಆ ಜಾಗಗಳ ಹತ್ರಾನೇ, ಒಂದು ನಾಲಿಗೆ ಕೆಳಗೆ, ಇನ್ನೊಂದು ಕೆನ್ನೆ ಒಳಗೆ. ಅದಕ್ಕೇ ಟಾರ್ಟರ್ ಅಲ್ಲೇ ಬೇಗ ಕಟ್ಟತ್ತೆ. ಬಹಳ ಜನರಿಗೆ ಮುಂದಿನ ಹಲ್ಲು ಕನ್ನಡಿ ತರ ಹೊಳೀತಿರತ್ತೆ, ಹಿಂದುಗಡೆ ನೋಡಿದ್ರೆ ಬಣ್ಣವೋ ಬಣ್ಣ.

ಎರಡನೇ ಹೆಜ್ಜೆ: ಕೈ ಬ್ರಶ್ಶಿಗೆ ಒಂದು ನ್ಯಾಯವಾದ ಅವಕಾಶ ಕೊಡಿ

ಸಾಫ್ಟ್ ಅಂತ ಬರೆದಿರೋ, ಚಿಕ್ಕ ತಲೆ ಇರೋ ಬ್ರಶ್ ತಗೊಳ್ಳಿ, ಮೂವತ್ತು ನಲವತ್ತು ರೂಪಾಯಿಗೆ ಯಾವ ಕಿರಾಣಿ ಅಂಗಡೀಲೂ ಸಿಗತ್ತೆ. ಹಾರ್ಡ್ ಬೇಡ. ಗಟ್ಟಿ ಇದ್ರೆ ಚೆನ್ನಾಗಿ ಹೋಗತ್ತೆ ಅನ್ನೋದು ಪಾತ್ರೆಗೆ ಸರಿ, ಹಲ್ಲಿಗಲ್ಲ.

ಬ್ರಶ್ಶನ್ನ 45 ಡಿಗ್ರಿ ಓರೆ ಮಾಡಿ, ಅರ್ಧ ಎಳೆ ಹಲ್ಲಿನ ಮೇಲೆ, ಅರ್ಧ ಒಸಡಿನ ಅಂಚಲ್ಲಿ ಕೂರೋ ಹಾಗೆ ಇಡಿ. ಇಟ್ಟ ಜಾಗದಲ್ಲೇ ಸಣ್ಣದಾಗಿ ಹಿಂದೆ ಮುಂದೆ ನಡುಗಿಸಿ, ಬ್ರಶ್ಶು ಜಾಸ್ತಿ ಜರುಗಬಾರದು, ಎಳೆಯ ತುದಿ ಅಂಚಿನೊಳಗೆ ಹೋಗಿ ಅಲ್ಲಾಡಬೇಕು ಅಷ್ಟೇ. ಹತ್ತು ಹದಿನೈದು ಸಲ ಆದ್ಮೇಲೆ ಮೇಲಿನ ಹಲ್ಲಾದ್ರೆ ಕೆಳಕ್ಕೆ, ಕೆಳಗಿನದಾದ್ರೆ ಮೇಲಕ್ಕೆ ಗುಡಿಸಿದ ಹಾಗೆ ಒಂದ್ಸಲ ಎಳೆದು, ಪಕ್ಕದ ಎರಡು ಹಲ್ಲಿಗೆ ಹೋಗಿ. ಓರೆ ಇಟ್ಟು ನಡುಗಿಸೋದನ್ನ ಚಾರ್ಲ್ಸ್ ಬ್ಯಾಸ್ ಅನ್ನೋ ಅಮೆರಿಕದ ಡಾಕ್ಟ್ರು ಹೇಳಿಕೊಟ್ಟಿದ್ದು, ಬ್ಯಾಸ್ ವಿಧಾನ ಅಂತಾನೇ ಹೆಸರು, ಕೊನೇಲಿ ಗುಡಿಸೋದು ಆಮೇಲೆ ಸೇರಿಸಿದ್ದು, ಈಗ್ಲೂ ಡೆಂಟಲ್ ಕಾಲೇಜಲ್ಲಿ ಇದನ್ನೇ ಹೇಳ್ಕೊಡೋದು. ಮುಂದಿನ ಹಲ್ಲಿನ ಹಿಂಭಾಗಕ್ಕೆ ಬ್ರಶ್ಶನ್ನ ಉದ್ದಕ್ಕೆ ನಿಲ್ಲಿಸಿ ತುದಿ ಎಳೆಗಳಲ್ಲಿ ಉಜ್ಜಿ. ಕೊನೇ ದವಡೆ ಹಲ್ಲಿನ ಹಿಂದಕ್ಕೆ ಹೋಗ್ಬೇಕಂದ್ರೆ ಬಾಯಿ ಅರ್ಧ ಮುಚ್ಚಿ, ದೊಡ್ಡದಾಗಿ ಆ ಅಂತ ತೆಗೆದ್ರೆ ಕೆನ್ನೆ ಬಿಗಿಯಾಗಿ ಬ್ರಶ್ಶೇ ಒಳಗೆ ಹೋಗಲ್ಲ. ಈ ಒಂದು ವಿಷಯ ಗೊತ್ತಾದ್ಮೇಲೆ ಎಷ್ಟೋ ಜನರ ಹಿಂದಿನ ಹಲ್ಲು ಸರಿ ಹೋಗಿದೆ.

ಎರಡು ನಿಮಿಷ ಟೈಮರ್ ಇಡಿ. ಎರಡು ನಿಮಿಷ ಅಂದ್ರೆ ಎಷ್ಟು ಉದ್ದ ಅಂತ ಆಗ ಗೊತ್ತಾಗೋದು, ನಾವು ಎರಡು ನಿಮಿಷ ಅಂದ್ಕೊಂಡಿದ್ದು ಸಾಮಾನ್ಯವಾಗಿ ಒಂದು ನಿಮಿಷಾನೂ ಇರಲ್ಲ. ಒತ್ತಡದ ಬಗ್ಗೆ ಡೌಟ್ ಇದ್ರೆ ಅಡುಗೆ ಮನೇಲಿ ತೂಕದ ಮಷೀನ್ ಇದ್ಯಲ್ಲ, ಅದರ ಮೇಲೆ ಬ್ರಶ್ಶನ್ನ ನೀವು ಹಲ್ಲಿಗೆ ಒತ್ತೋ ಹಾಗೇ ಒತ್ತಿ ನೋಡಿ, 150 ಗ್ರಾಂ ಆಸುಪಾಸು ಇರ್ಬೇಕು. ನಾನೂರು ಐನೂರು ತೋರ್ಸಿದ್ರೆ ನೀವು ಹಲ್ಲು ಉಜ್ತಿಲ್ಲ, ತೇಯ್ತಿದೀರಿ, ಹಲ್ಲಿನ ಬುಡದಲ್ಲಿ ಗೀರು ಬಿದ್ದು ತಣ್ಣಗಿನ ನೀರು ಕುಡಿದ್ರೆ ಜುಂ ಅನ್ನೋದು ಅದಕ್ಕೇ.

ಹೀಗೆ ಎರಡು ವಾರ ಮಾಡಿ ಮತ್ತೆ ಬಣ್ಣ ಹಾಕಿ. ಮಾರ್ಕ್ಸೆಲ್ಲಾ 0, 1ಕ್ಕೆ ಬಂದಿದ್ರೆ, ನಿಮಗೆ ಎಲೆಕ್ಟ್ರಿಕ್ ಬ್ರಶ್ ಬೇಕಾಗಿಲ್ಲ ಕಣ್ರೀ, ಆ ದುಡ್ಡಲ್ಲಿ ವರ್ಷಕ್ಕೊಂದ್ಸಲ ಸ್ಕೇಲಿಂಗ್, ಅಂದ್ರೆ ಡೆಂಟಿಸ್ಟ್ ಹತ್ರ ಟಾರ್ಟರ್ ತೆಗೆಸೋದು, ಮಾಡಿಸ್ಕೊಳ್ಳಿ. 3, 4 ಹಾಗೇ ನಿಂತಿದ್ರೆ ಮುಂದಕ್ಕೆ ಓದಿ.

ಸಂಶೋಧನೆ ಏನ್ ಹೇಳತ್ತೆ

ಇದರ ಬಗ್ಗೆ ದೊಡ್ಡ ಲೆಕ್ಕ ಅಂದ್ರೆ ಕೊಕ್ರೇನ್ ಅನ್ನೋ ಸಂಸ್ಥೆ 2014ರಲ್ಲಿ ಹೊರತಂದ ವಿಮರ್ಶೆ. ಅದರಲ್ಲಿ 56 ಪ್ರಯೋಗಗಳನ್ನ ಒಟ್ಟುಗೂಡಿಸಿ ನೋಡಿದ್ರು. ಕೈ ಬ್ರಶ್ಶಿಗೆ ಹೋಲಿಸಿದ್ರೆ ಎಲೆಕ್ಟ್ರಿಕ್ ಬ್ರಶ್ ಬಳಸಿದೋರಲ್ಲಿ ಒಂದರಿಂದ ಮೂರು ತಿಂಗಳಲ್ಲಿ ಪಾಚಿ ಶೇಕಡಾ 11 ಕಮ್ಮಿ, ಮೂರು ತಿಂಗಳಾದ್ಮೇಲೆ ನೋಡಿದ್ರೆ ಶೇಕಡಾ 21 ಕಮ್ಮಿ. ಒಸಡಿನ ಊತ ಶೇಕಡಾ 6, ಆಮೇಲೆ 11 ಕಮ್ಮಿ. ತೊಂದ್ರೆ ಏನಾದ್ರೂ ಆಗಿದ್ರೂ ಸಣ್ಣಪುಟ್ಟದು, ತಾನಾಗೇ ಸರಿ ಹೋಗೋದು. ಅಂದ್ರೆ ಎಲೆಕ್ಟ್ರಿಕ್ ಗೆಲ್ಲತ್ತೆ, ಅದರಲ್ಲಿ ಅನುಮಾನ ಇಲ್ಲ, ಆದ್ರೆ ಜಾಹೀರಾತಲ್ಲಿ ತೋರ್ಸೋ ಹಾಗೆ ಹತ್ತು ಪಟ್ಟು ನೂರು ಪಟ್ಟು ಅಂತೇನಿಲ್ಲ. ಈ ವ್ಯತ್ಯಾಸದಿಂದ ಹಲ್ಲಿನ ಆರೋಗ್ಯಕ್ಕೆ ಎಷ್ಟು ಲಾಭ ಅನ್ನೋದು ಸ್ಪಷ್ಟ ಇಲ್ಲ ಅಂತ ವಿಮರ್ಶೆ ಬರೆದೋರೇ ಹೇಳಿದಾರೆ.

ಆಮೇಲೆ 2019ರಲ್ಲಿ ಜರ್ಮನಿಯ ಗ್ರೈಫ್ಸ್‌ವಾಲ್ಡ್ ಯೂನಿವರ್ಸಿಟಿಯೋರು ಹನ್ನೊಂದು ವರ್ಷ ಜನರನ್ನ ಗಮನಿಸಿದ ವರದಿ ಕೊಟ್ರು, ಎಲೆಕ್ಟ್ರಿಕ್ ಬಳಸೋರಲ್ಲಿ ಒಸಡು ಹಲ್ಲಿಂದ ಬಿಟ್ಕೊಳ್ಳೋದು ಕಮ್ಮಿ, ಹಲ್ಲು ಬೀಳೋದೂ ಕಮ್ಮಿ ಅಂತ. ಆದ್ರೆ ಇಲ್ಲಿ ಒಂದು ವಿಷಯ ನೋಡಿ, ದುಡ್ಡು ಕೊಟ್ಟು ಎಲೆಕ್ಟ್ರಿಕ್ ತಗೊಳ್ಳೋರು ಮೊದ್ಲೇ ಹಲ್ಲಿನ ಬಗ್ಗೆ ಕಾಳಜಿ ಇರೋರು ಆಗಿರ್ತಾರೆ, ಅದರ ಪಾಲು ಎಷ್ಟು ಅಂತ ಪೂರ್ತಿ ಬಿಡಿಸಿ ನೋಡೋದು ಕಷ್ಟ.

ನನ್ನ ಲೆಕ್ಕದಲ್ಲಿ ಎಲೆಕ್ಟ್ರಿಕ್ ಬ್ರಶ್ಶಿನ ನಿಜವಾದ ಲಾಭ ಮೋಟಾರಲ್ಲ, ಕ್ಷಮೆ. ನೀವು ಸರಿಯಾಗಿ ಕೈ ಆಡಿಸದೇ ಇದ್ರೂ, ಅರೆನಿದ್ದೇಲಿ ಇದ್ರೂ ಅದು ಹೊಟ್ಟೆಗೆ ಹಾಕ್ಕೊಂಡು ತನ್ನ ಪಾಡಿಗೆ ತಾನು ಉಜ್ಜತ್ತೆ, ಎರಡು ನಿಮಿಷ ಆಗೋ ತನಕ ನಿಲ್ಲಲ್ಲ. ಕೈ ಬ್ರಶ್ಶು ಹಾಗಲ್ಲ, ನೀವು ಹೇಗೋ ಅದು ಹಾಗೆ.

ಯಾರು ಯೋಚನೆ ಮಾಡ್ದೇ ತಗೋಬೋದು

ವಯಸ್ಸಾದೋರು, ಬೆರಳಿನ ಸಂಧಿವಾತ ಇರೋರು, ಪಾರ್ಶ್ವವಾಯು ಆಗಿ ಒಂದು ಕೈ ಸರಿಯಾಗಿ ಬರದೇ ಇರೋರು, ಕೈ ನಡುಗೋರು, ಇವರಿಗೆಲ್ಲಾ ಟೆಸ್ಟು ಗೀಸ್ಟು ಬೇಡ, ತಂದ್ಕೊಡಿ. ಅಸಲಿಗೆ 1954ರಲ್ಲಿ ಸ್ವಿಟ್ಜರ್ಲೆಂಡಲ್ಲಿ ಬ್ರಾಕ್ಸೊಡೆಂಟ್ ಅಂತ ಮೊದಮೊದಲ ಎಲೆಕ್ಟ್ರಿಕ್ ಬ್ರಶ್‌ಗಳಲ್ಲಿ ಒಂದು ಬಂದಾಗ ಅದನ್ನ ಮಾಡಿದ್ದೇ ಕೈ ಸ್ವಾಧೀನ ಕಮ್ಮಿ ಇರೋರಿಗೆ, ಹಲ್ಲಿಗೆ ತಂತಿ ಹಾಕ್ಸಿರೋರಿಗೆ ಅಂತ. ಹಿಡಿ ದಪ್ಪ ಇರೋದ್ರಿಂದ ಹಿಡ್ಕೊಳ್ಳೋಕೂ ಸುಲಭ. ಮನೇಲಿ ಹಾಸಿಗೆ ಹಿಡಿದಿರೋರಿಗೆ ಬೇರೆಯೋರು ಉಜ್ಜಬೇಕು ಅಂದಾಗ್ಲೂ ಎಲೆಕ್ಟ್ರಿಕ್ ಅನುಕೂಲ. ತಂತಿ ಹಾಕ್ಸಿರೋ ಕಾಲೇಜ್ ಹುಡುಗ್ರಿಗೂ ಹೌದು, ಆದ್ರೆ ತಂತಿ ಮಧ್ಯೆ ತೂರಿಸೋ ಸಣ್ಣ ಬ್ರಶ್ ಬೇರೆ ಬೇಕೇ ಬೇಕು. ಶುಗರ್ ಇರೋರು ಒಸಡಿನ ವಿಷಯದಲ್ಲಿ ಉದಾಸೀನ ಮಾಡ್ಲೇಬಾರದು, ಶುಗರ್ ಜಾಸ್ತಿ ಆದ್ರೆ ಒಸಡು ಕೆಡತ್ತೆ, ಒಸಡು ಕೆಟ್ರೆ ಶುಗರ್ ಕಂಟ್ರೋಲಿಗೆ ಬರೋದು ಕಷ್ಟ, ಎರಡೂ ಕಡೆಯಿಂದ ಎಳೆದಾಟ. ಎದೆಗೆ ಪೇಸ್‌ಮೇಕರ್ ಹಾಕ್ಸಿರೋರು ಮಾತ್ರ ತಗೊಳ್ಳೋಕ್ ಮುಂಚೆ ಡಾಕ್ಟ್ರನ್ನ ಒಂದ್ಮಾತು ಕೇಳಿ.

ಮೂರನೇ ಹೆಜ್ಜೆ: ಯಾವ್ದು ತಗೊಳ್ಳೋದು

ಮುಖ್ಯವಾಗಿ ಎರಡು ಜಾತಿ. ಒಂದು ದುಂಡು ತಲೆ ಇರೋದು, ಸ್ವಲ್ಪ ಆ ಕಡೆ ಸ್ವಲ್ಪ ಈ ಕಡೆ ತಿರುಗತ್ತೆ, ಓರಲ್-ಬಿ ತರದ್ದು. ಇನ್ನೊಂದು ಸೋನಿಕ್, ನೋಡೋಕೆ ಮಾಮೂಲಿ ಬ್ರಶ್ ತರಾನೇ ಉದ್ದ ತಲೆ, ನಿಮಿಷಕ್ಕೆ ಸಾವಿರಾರು ಸಲ ಪಟಪಟ ನಡುಗತ್ತೆ, ಫಿಲಿಪ್ಸ್ ಸೋನಿಕೇರ್ ತರದ್ದು. ಕೊಕ್ರೇನ್ ಲೆಕ್ಕದಲ್ಲಿ ಜಾಸ್ತಿ ಪ್ರಯೋಗ ನಡೆದಿರೋದು ತಿರುಗೋ ತಲೆದಕ್ಕೆ, ಆದ್ರೆ ಇದೇ ಬೇಕು ಅಂತ ಹಠ ಹಿಡಿಯೋಷ್ಟು ವ್ಯತ್ಯಾಸ ಏನಿಲ್ಲ. ಒಸಡು ಸೂಕ್ಷ್ಮ ಇರೋರಿಗೆ ಸೋನಿಕ್ ಹಿತ ಅನ್ನಿಸ್ಬೋದು. ಮೂರ್ನಾಲ್ಕು ನೂರಕ್ಕೆ ಪೆನ್ಸಿಲ್ ಸೆಲ್ ಹಾಕೋದು ಸಿಗತ್ತಲ್ಲ, ಅದು ಸೆಲ್ ಇಳೀತಾ ಇಳೀತಾ ನಿಧಾನ ಆಗತ್ತೆ, ನಮಗೆ ಗೊತ್ತೇ ಆಗಲ್ಲ, ನಾನಂತೂ ಅದನ್ನ ಪ್ರಯಾಣಕ್ಕೆ ಬಿಟ್ರೆ ಹೇಳಲ್ಲ.

ನೋಡ್ಬೇಕಾದ್ದು ಮೂರೇ ಮೂರು: ಎರಡು ನಿಮಿಷದ ಟೈಮರ್, ಜೋರಾಗಿ ಒತ್ತಿದ್ರೆ ಎಚ್ಚರಿಸೋ ಸೆನ್ಸರ್, ಮತ್ತೆ ಅದರ ಹೆಡ್ಡು, ಅಂದ್ರೆ ಬಿಚ್ಚಿ ಬದಲಾಯಿಸೋ ಬ್ರಶ್ ತಲೆ, ಮುಂದೆ ಎರಡು ವರ್ಷ ಆದ್ಮೇಲೂ ಸಿಗತ್ತಾ ಅನ್ನೋದು. ಈ ಮೂರನೇದೇ ಎಲ್ರೂ ಮರೆಯೋದು. ಆಫರಲ್ಲಿ ಗೊತ್ತಿಲ್ಲದ ಬ್ರಾಂಡ್ ತಗೊಂಡು, ಜೊತೆಗೆ ಬಂದ ಹೆಡ್ ಮುಗಿದ್ಮೇಲೆ ಹೊಸಾದು ಎಲ್ಲೂ ಸಿಗದೆ ಹ್ಯಾಂಡಲ್ ಪೆನ್ ಸ್ಟ್ಯಾಂಡಲ್ಲಿ ನಿಂತಿರೋ ಮನೆಗಳಿದಾವೆ. ಬ್ಲೂಟೂತು, ಆ್ಯಪು, ಐದು ಮೋಡು ಇದೆಲ್ಲಾ ಪಾಚಿಗೆ ಸಂಬಂಧ ಇಲ್ಲ. ವಿದೇಶದಿಂದ ಯಾರಾದ್ರೂ ತಂದ್ಕೊಟ್ರೆ ಚಾರ್ಜರ್ ಮೇಲೆ 220-240 ವೋಲ್ಟ್ ಅಂತ ಇದ್ಯಾ ನೋಡಿ, 110 ಮಾತ್ರ ಅಂತಿದ್ರೆ ನಮ್ಮ ಪ್ಲಗ್ಗಿಗೆ ಹಾಕಿದ ತಕ್ಷಣ ಸುಟ್ಟೋಗತ್ತೆ. ಹಳ್ಳೀಲಿ ಕರೆಂಟ್ ಕೈ ಕೊಡತ್ತೆ ಅಂತ ಭಯ ಬೇಡ, ಒಳ್ಳೇದಾದ್ರೆ ಒಂದು ಚಾರ್ಜಿಗೆ ಒಂದೆರಡು ವಾರ ಬರತ್ತೆ.

ಖರ್ಚು ಅಂದ್ರೆ, ಕೈ ಬ್ರಶ್ಶು ನಲವತ್ತರ ಲೆಕ್ಕದಲ್ಲಿ ಮೂರು ತಿಂಗಳಿಗೊಂದು ಅಂದ್ರೆ ವರ್ಷಕ್ಕೆ 160 ರೂಪಾಯಿ. ಎಲೆಕ್ಟ್ರಿಕ್ಕು ಸುಮಾರು ಎರಡು ಸಾವಿರದ್ದು ತಗೊಂಡ್ರೆ, ಹೆಡ್ಡಿಗೆ ಇನ್ನೂರೈವತ್ತರ ಲೆಕ್ಕ ಇಟ್ರೂ ವರ್ಷಕ್ಕೆ ಸಾವಿರ ಹೆಡ್ಡಿಗೇ ಹೋಗತ್ತೆ. ಗಂಡ ಹೆಂಡ್ತಿ ಇಬ್ರೂ ಒಂದೇ ಹ್ಯಾಂಡಲ್ ಇಟ್ಕೊಂಡು ಹೆಡ್ ಮಾತ್ರ ಬೇರೆ ಬೇರೆ ಹಾಕ್ಕೋಬೋದು, ಬಣ್ಣದ ರಿಂಗ್ ಇರತ್ತೆ ಗುರುತಿಗೆ. ಹೆಡ್ಡನ್ನ ಮಾತ್ರ ಹಂಚ್ಕೋಬೇಡಿ, ಎಷ್ಟೇ ಪ್ರೀತಿ ಇರ್ಲಿ.

ನಾಲ್ಕನೇ ಹೆಜ್ಜೆ: ಎಲೆಕ್ಟ್ರಿಕ್ ಬಳಸೋ ಕ್ರಮ

ಪೇಸ್ಟ್ ಹಚ್ಚಿ, ಬಾಯೊಳಗೆ ಇಟ್ಮೇಲೆ ಆನ್ ಮಾಡಿ, ಇಲ್ಲಾಂದ್ರೆ ಕನ್ನಡಿ ತುಂಬಾ ಪೇಸ್ಟೇ. ಆಮೇಲೆ ಮುಖ್ಯವಾದ್ದು, ಕೈ ಆಡಿಸ್ಬೇಡಿ. ಹಳೇ ಅಭ್ಯಾಸಕ್ಕೆ ಇದನ್ನೂ ಗಸಗಸ ಉಜ್ಜಿದ್ರೆ ಎಲೆಕ್ಟ್ರಿಕ್ ತಗೊಂಡಿದ್ದೇ ದಂಡ. ಒಂದೊಂದು ಹಲ್ಲಿನ ಮೇಲೆ ಎರಡ್ಮೂರು ಸೆಕೆಂಡ್ ಹಿಡಿದು, ಒಸಡಿನ ಅಂಚನ್ನ ಹಿಂಬಾಲಿಸಿ ನಿಧಾನವಾಗಿ ಪಕ್ಕಕ್ಕೆ ಜರುಗಿಸಿ. ಬಾಯನ್ನ ನಾಲ್ಕು ಭಾಗ ಮಾಡ್ಕೊಳ್ಳಿ, ಭಾಗಕ್ಕೆ ಅರ್ಧ ನಿಮಿಷ, ಬಹಳಷ್ಟು ಬ್ರಶ್ಶು ಅರ್ಧ ನಿಮಿಷಕ್ಕೊಂದ್ಸಲ ತಡೆದು ತಡೆದು ಸೂಚನೆ ಕೊಡತ್ತೆ. ಶುರುವಲ್ಲಿ ಕಚಗುಳಿ ಆಗತ್ತೆ, ಕೆಲವ್ರಿಗೆ ಒಸಡಲ್ಲಿ ಸ್ವಲ್ಪ ರಕ್ತ ಬರತ್ತೆ, ಒಂದೆರಡು ವಾರದಲ್ಲಿ ನಿಲ್ಲಬೇಕು, ನಿಲ್ಲಲಿಲ್ಲ ಅಂದ್ರೆ ಡೆಂಟಿಸ್ಟಿಗೆ ತೋರ್ಸಿ.

ಪೇಸ್ಟು ಫ್ಲೋರೈಡ್ ಇರೋದೇ ಇರ್ಲಿ, ದೊಡ್ಡೋರಿಗೆ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ ಎಷ್ಟು ಪಾಲು ಅನ್ನೋ ಲೆಕ್ಕ). ಉಜ್ಜಿದ್ಮೇಲೆ ನೊರೆ ಉಗುಳಿ, ಚೊಂಬುಗಟ್ಲೆ ನೀರು ಹಾಕಿ ಮುಕ್ಕಳಿಸ್ಬೇಡಿ, ಫ್ಲೋರೈಡೆಲ್ಲಾ ತೊಳ್ಕೊಂಡ್ ಹೋಗತ್ತೆ. ಮಕ್ಕಳಿಗೆ ಮೂರು ವರ್ಷದೊಳಗೆ ಅಕ್ಕಿಕಾಳಷ್ಟು, ಆಮೇಲೆ ಆರು ವರ್ಷದ ತನಕ ಬಟಾಣಿಯಷ್ಟು ಸಾಕು. ನಿಂಬೆಹಣ್ಣಿನ ಶರಬತ್ತೋ ಕೂಲ್‌ಡ್ರಿಂಕ್ಸೋ ಕುಡಿದ ತಕ್ಷಣ ಉಜ್ಜಬೇಡಿ, ಅರ್ಧ ಗಂಟೆ ಬಿಡಿ.

ಎರಡು ವಾರ ಆದ್ಮೇಲೆ ಮತ್ತೆ ಬಣ್ಣ, ಅದೇ ಆರು ಜಾಗ, ಅದೇ ಹೊತ್ತು. ಕೈ ಬ್ರಶ್ಶಿನ ಮಾರ್ಕ್ಸ್ ಪಕ್ಕದಲ್ಲಿಟ್ಟು ನೋಡಿ. ಹೊಸಾ ಸಾಮಾನು ಬಂದ ಉತ್ಸಾಹಕ್ಕೆ ಮೊದಲ ವಾರ ಎಲ್ರೂ ಚೆನ್ನಾಗೇ ಉಜ್ತಾರೆ, ಹಾಗಾಗಿ ಮೂರು ತಿಂಗಳಾದ್ಮೇಲೆ ಇನ್ನೊಂದ್ಸಲ ನೋಡಿದ್ರೆ ನಿಜವಾದ ಲೆಕ್ಕ ಸಿಗತ್ತೆ.

ಎರಡೂ ಬ್ರಶ್ಶಿಗೆ ಆಗದೇ ಇರೋದು

ಬಣ್ಣ ಹಾಕಿದಾಗ ಎರಡು ಹಲ್ಲಿನ ಸಂದೀಲಿ ಕೆಂಪು ಉಳಿಯತ್ತೆ ನೋಡಿ, ಅದನ್ನ ಯಾವ ಬ್ರಶ್ಶೂ ತೆಗೆಯಲ್ಲ. ಹಲ್ಲು ಒತ್ತಾಗಿದ್ರೆ ಫ್ಲಾಸ್ ದಾರ, ಸಂದಿ ಇದ್ರೆ ಇಂಟರ್‌ಡೆಂಟಲ್ ಬ್ರಶ್ ಅಂತ ಬಾಟಲ್ ತೊಳೆಯೋ ಬ್ರಶ್ಶಿನ ಮರಿ ತರ ಸಿಗತ್ತೆ, ದಿನಕ್ಕೊಂದ್ಸಲ ರಾತ್ರಿ ಹೊತ್ತು ಹಾಕಿ. ಮದ್ದೂರು ವಡೆ ತಿಂದ್ಮೇಲೆ ಸಿಕ್ಕಿದ ಈರುಳ್ಳಿ ಚೂರನ್ನ ಪಿನ್ನಲ್ಲಿ ಕೆದಕೋ ಅಭ್ಯಾಸ ಇದ್ರೆ ಬಿಟ್ಬಿಡಿ.

ಕಡ್ಡಿಪುಡಿ, ಎಲೆ ಅಡಿಕೆ ಹಾಕೋರ ಹಲ್ಲಿನ ಕಪ್ಪು ಕಂದು ಕಲೆ ಪಾಚಿ ಅಲ್ಲ, ಅದನ್ನ ತೆಗೀತೀನಿ ಅಂತ ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಾಕಿ ಉಜ್ಜಿದ್ರೆ ಕಲೆ ಜೊತೆ ಹಲ್ಲಿನ ಎನಾಮಲ್ಲು, ಅಂದ್ರೆ ಮೇಲಿನ ಗಟ್ಟಿ ಪದರಾನೂ ಹೋಗತ್ತೆ. ಅದಕ್ಕೂ ಟಾರ್ಟರಿಗೂ ಸ್ಕೇಲಿಂಗೇ ದಾರಿ. ಸ್ಕೇಲಿಂಗ್ ಮಾಡ್ಸಿದ್ರೆ ಹಲ್ಲು ಸಡಿಲ ಆಗತ್ತೆ ಅಂತ ಭಯ ಪಡೋರು ಇನ್ನೂ ಇದಾರೆ. ಟಾರ್ಟರ್ ತೆಗೆದ್ಮೇಲೆ ಅದು ತುಂಬ್ಕೊಂಡಿದ್ದ ಜಾಗ ಖಾಲಿ ಅನ್ಸತ್ತೆ, ಊತ ಇಳಿದು ಒಸಡು ಗಟ್ಟಿ ಆಗೋಕೆ ಸ್ವಲ್ಪ ದಿನ ಬೇಕು ಅಷ್ಟೇ. ಖಾಸಗಿ ಕ್ಲಿನಿಕ್ ದುಬಾರಿ ಅನ್ನಿಸಿದ್ರೆ ಮೈಸೂರಲ್ಲಿ ಜೆಎಸ್‌ಎಸ್, ಫಾರೂಕಿಯಾ ಡೆಂಟಲ್ ಕಾಲೇಜುಗಳಿದಾವೆ, ಕಾಲೇಜುಗಳಲ್ಲಿ ಸ್ಟೂಡೆಂಟ್ಸು ಮೇಷ್ಟ್ರ ಮುಂದೆ ಮಾಡೋದ್ರಿಂದ ಹೊತ್ತು ಹಿಡಿಯತ್ತೆ, ಅರ್ಧ ದಿನ ಇಟ್ಕೊಂಡು ಹೋಗಿ. ಮೊದ್ಲು ಸ್ಕೇಲಿಂಗ್ ಮಾಡಿಸ್ಕೊಂಡು ಆಮೇಲೆ ಬಣ್ಣದ ಟೆಸ್ಟ್ ಶುರು ಮಾಡಿದ್ರೆ ಇನ್ನೂ ಸರಿ, ಯಾಕಂದ್ರೆ ಟಾರ್ಟರ್ ಮೈ ತರಿತರಿ ಇರತ್ತೆ, ಬಣ್ಣ ಅದಕ್ಕೇ ಹಿಡ್ಕೊಂಡು ಎರಡೂ ಬ್ರಶ್ಶಿನ ಮಾರ್ಕ್ಸು ಕೆಡತ್ತೆ.

ಯಾವ ಬ್ರಶ್ಶೇ ಆಗ್ಲಿ ಎಳೆಗಳು ಹೊರಕ್ಕೆ ಬಾಗಿದ್ರೆ ಮೂರು ತಿಂಗಳು ಆಗದಿದ್ರೂ ಬದಲಾಯಿಸಿ. ಎಲೆಕ್ಟ್ರಿಕ್‌ದಾದ್ರೆ ವಾರಕ್ಕೊಂದ್ಸಲ ಹೆಡ್ ಬಿಚ್ಚಿ, ಕೆಳಗಡೆ ಲೋಹದ ಕಡ್ಡಿ ಸುತ್ತ ಕಟ್ಟಿರೋ ಪೇಸ್ಟಿನ ಲೋಳೆನ ಒದ್ದೆ ಬಟ್ಟೇಲಿ ಒರೆಸಿ, ಹೆಡ್ಡನ್ನ ಮುಚ್ಚಳ ಹಾಕ್ದೆ ಗಾಳಿಗೆ ನಿಲ್ಲಿಸಿ ಒಣಗಕ್ಕೆ ಬಿಡಿ.